ರಕ್ತದ ಜನ್ಮಸ್ಥಾನ

ಮನುಷ್ಯಶರೀರದಲ್ಲಿ ರಕ್ತವು ಎಲ್ಲಿ ಹುಟ್ಟುವುದೆಂಬ ಪ್ರಶ್ನೆಯು ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ಬಹು ಪುರಾತನವಾದುದು. ಅದಕ್ಕೆ ನಿಜವಾದ ಉತ್ತರವು ದೊರೆತುದಾದರೋ ಕ್ರಿ. ಶ. ೧೮೬೮ರಲ್ಲಿ. ಅಂದರೆ, ವೇದಾಂತಭಾಷ್ಯಗಳೂ ಜ್ಯೋತಿಷಸಿದ್ಧಾಂತಗಳೂ ಹುಟ್ಟಿ ಎಷ್ಟೋ ಶತಮಾನಗಳಾದ ಮೇಲೆಯೂ, ತನ್ನ ಮೈಯೊಳಗೆ ಹಗಲಿರುಳು ಹರಿಯುತ್ತಿರುವ ನೆತ್ತರಿನ ತವರೂರು ಯಾವುದೆಂಬುದನ್ನು ಮನುಷ್ಯನು ಅರಿಯದೆಯೇ ಇದ್ದನು. ಈ ಶೋಧನೆಯ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂದು ನನಗೆ ಬಹುಕಾಲದಿಂದ ಇದ್ದಿತು. ಅದಕ್ಕೆ ಕಾರಣವೊಂದುಂಟು, ಅದನ್ನು ನಡುವೆ ಹೇಳುವೆನು.

ಮೊದಲು ನಮ್ಮ ಶಾಸ್ತ್ರಗಳ ಮಾತು. ಉಂಡ ಅನ್ನವು ಜಠರಾಗ್ನಿಯಿಂದ ಪಕ್ವವಾಗಿ ರಸವಾಗುವುದು. ರಸದಿಂದ ರಕ್ತ, ರಕ್ತದಿಂದ ಮಾಂಸ, ಮಾಂಸದಿಂದ ಮೇದಸ್ಸು, ಮೇದಸ್ಸಿನಿಂದ ಅಸ್ಥಿ, ಅಸ್ಥಿಯಿಂದ ಮಜ್ಜೆ, ಮಜ್ಜೆಯಿಂದ ಶುಕ್ರ, ಹೀಗೆ ಸಪ್ತಧಾತುಗಳು ಒಂದರಿಂದೊಂದು ಉಂಟಾಗುವುವೆಂದು ಆಯುರ್ವೇದಾಚಾರ್ಯರು ಹೇಳಿರುವರು. ರಸವು ಯಕೃತ್ತನ್ನೂ ಪ್ಲೀಹವನ್ನೂ ಹೊಕ್ಕು ಅಲ್ಲಿ ಕೆಂಪಾಗುವುದೆಂದು ಸುಶ್ರುತನ ಮತ. ಹೀಗೆ ಬಣ್ಣವೇರಿಸುವ ಶಕ್ತಿಗೆ ರಂಜಕವೆಂಬ ಹೆಸರು. ಚರಕಸಂಹಿತೆಯಲ್ಲಿಯೂ ರಕ್ತವಾಹಿ ಸ್ರೋತಸ್ಸುಗಳಿಗೆ ಯಕೃತ್ತು ಮತ್ತು ಪ್ಲೀಹಗಳೇ ಮೂಲವೆಂದಿದೆ.

ಧಾತುವಿನಿಂದ ಧಾತುವು ಹುಟ್ಟುವ ಬಗೆ ಹೇಗೆಂಬ ವಿಷಯದಲ್ಲಿ ವ್ಯಾಖ್ಯಾನಕಾರರು ಸುಮ್ಮನೆ ಕುಳಿತವರಲ್ಲ. ಮೂರು ನ್ಯಾಯಗಳನ್ನು ಅವರು ಎತ್ತಿ ಚರ್ಚಿಸಿದರು. ಹಾಲು ಮೊಸರಾಗುವಂತೆ ಒಂದು ಧಾತುವು ಸಂಪೂರ್ಣವಾಗಿ ಇನ್ನೊಂದಾಗುವುದೆಂಬುದು ಕ್ಷೀರದಧಿನ್ಯಾಯ. ಕಾಲುವೆಯ ನೀರು ಒಂದು ಗದ್ದೆಯನ್ನು ತಣಿಸಿ ಮುಂದಿನ ಗದ್ದೆಗೆ ಸಾಗುವಂತೆ ರಸವು ಧಾತುಗಳನ್ನು ಕ್ರಮವಾಗಿ ಪೋಷಿಸುವುದೆಂಬುದು ಕೇದಾರೀಕುಲ್ಯಾನ್ಯಾಯ. ನೆರಿಯದ ಹೊಳೆಯ ನೀರನ್ನು ಕಣಿಯಲ್ಲಿ ಹರಿಸಿ ಅಡಕೆತೋಟಕ್ಕೆ ಬಿಡುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಬಿದ್ದ ಕಾಳನ್ನು ಹೆಕ್ಕಲು ಬಂದ ಪಾರಿವಾಳಗಳು ತಂತಮ್ಮ ಪಾಲನ್ನು ತೆಗೆದುಕೊಂಡು ಬೇರೆ ಬೇರೆ ದಿಕ್ಕಿಗೆ ಹಾರುವಂತೆ ಪ್ರತಿಯೊಂದು ಧಾತುವೂ ರಸದಿಂದ ತನಗೆ ಬೇಕಾದುದನ್ನು ಪ್ರತ್ಯೇಕವಾಗಿ ಸೆಳೆದುಕೊಳ್ಳುವುದೆಂಬುದು ಖಲೇಕಪೋತನ್ಯಾಯ. ಪಾಠಶಾಲೆಯಲ್ಲಿ ಓದುವಾಗ ಈ ಮೂರನೆಯದೇ ನನಗೆ ಹಿಡಿಸಿದ್ದಿತು. ಇಂದಿಗೂ ಪೋಷಣೆಯ ವಿಷಯದಲ್ಲಿ ಅದೇ ಸತ್ಯಕ್ಕೆ ಸಮೀಪವೆಂದು ತೋರುವುದು.

ಯವನದೇಶದ ವೈದ್ಯರೂ ಇದೇ ದಾರಿಯಲ್ಲಿ ನಡೆದರು. ಅನ್ನರಸವು ಪಿತ್ತಜನಕಾಂಗದಲ್ಲಿ ರಕ್ತವಾಗಿ ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗಿ ಹೋಗುವುದೆಂದು ಗ್ಯಾಲೆನನು ಬರೆದುದನ್ನು ಯೂರೋಪಿನವರು ಸಾವಿರದ ನಾನೂರು ವರ್ಷಗಳ ತನಕ ನಂಬಿದ್ದರು. ೧೬೨೮ರಲ್ಲಿ ವಿಲಿಯಂ ಹಾರ್ವೆಯು ಲೆಕ್ಕವನ್ನು ಹಾಕಿ ತೋರಿಸಿದನು: ಹೃದಯವು ಒಂದು ಗಂಟೆಯಲ್ಲಿ ಹೊರದೂಡುವ ರಕ್ತವು ಮನುಷ್ಯನ ತೂಕವನ್ನೇ ಮೀರುವುದು, ಅಷ್ಟನ್ನು ಯಕೃತ್ತು ಹೊಸದಾಗಿ ತಯಾರಿಸುವುದೆಂತು? ಆದುದರಿಂದ ಇದ್ದ ರಕ್ತವೇ ಸುತ್ತಿ ಸುತ್ತಿ ಬರತಕ್ಕದ್ದು. ೧೬೭೪ರಲ್ಲಿ ಹಾಲೆಂಡಿನ ಬಟ್ಟೆವರ್ತಕ ಲೇವನ್‌ಹುಕ್ ಎಂಬವನು ತಾನೇ ಉಜ್ಜಿ ಮಾಡಿದ ಕಿರುಗಾಜಿನ ಮೂಲಕ ನೆತ್ತರನ್ನು ನೋಡಿ, ಅದು ಬರಿಯ ಕೆಂಪು ನೀರಲ್ಲ, ಅಸಂಖ್ಯಾತ ಕಣಗಳು ತೇಲುವ ದ್ರವವೆಂದು ವರದಿಮಾಡಿದನು. ಅಲ್ಲಿಗೆ ಪ್ರಶ್ನೆಯ ರೂಪವೇ ಬದಲಾಯಿತು. ರಸವು ಎಲ್ಲಿ ಕೆಂಪಾಗುವುದು ಎಂಬುದು ಹೋಗಿ, ಈ ಕಣಗಳನ್ನು ಹೆತ್ತವರು ಯಾರು ಎಂಬುದು ಬಂದಿತು.

ಇದಕ್ಕೆ ಉತ್ತರವನ್ನು ಕೊಟ್ಟವನು ಜರ್ಮನಿಯ ಕೋನಿಗ್ಸ್‌ಬರ್ಗಿನ ಎರ್ನ್ಸ್ಟ್ ನಾಯ್ಮನ್. ೧೮೬೮ರಲ್ಲಿ ಎಲುಬಿನೊಳಗಿನ ಕೆಂಪು ಮಜ್ಜೆಯನ್ನು ಹಿಂಡಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಇನ್ನೂ ಪೂರ್ಣಾವಸ್ಥೆಗೆ ಬಾರದ ಎಳೆಯ ರಕ್ತಕಣಗಳು ಅವನಿಗೆ ಕಂಡವು. ಅದೇ ವರ್ಷದಲ್ಲಿಯೇ ಇಟಲಿಯ ಬಿಜ್ಜೊಜೆರೋ ಎಂಬ ಪಂಡಿತನೂ ಅದೇ ನಿರ್ಣಯಕ್ಕೆ ಬಂದನು. ಅಡುಗೆಮನೆಯ ಮೂಳೆಯಲ್ಲಿ ಮಜ್ಜೆಯನ್ನು ಲೋಕವೆಲ್ಲ ಕಂಡಿದ್ದಿತು. ಅದು ಎಲುಬಿನ ಪೊಳ್ಳನ್ನು ತುಂಬುವ ಕೊಬ್ಬೆಂದೇ ಎಲ್ಲರೂ ತಿಳಿದಿದ್ದರು; ನಾಯ್ಮನ್ನನ ಮಾತನ್ನು ವಿದ್ವಾಂಸರು ಒಪ್ಪಿಕೊಳ್ಳುವುದಕ್ಕೂ ಅನೇಕ ವರ್ಷಗಳು ಹಿಡಿದವು.

ನಮ್ಮ ಧಾತುಕ್ರಮದಲ್ಲಿ ರಕ್ತವು ಎರಡನೆಯದು, ಮಜ್ಜೆಯು ಆರನೆಯದು. ಕಣ್ಣಾರೆ ಕಂಡುದಾದರೋ ಮಜ್ಜೆಯೇ ತಾಯಿ, ರಕ್ತವೇ ಮಗಳು. ಕ್ರಮವು ತಲೆಕೆಳಗಾಯಿತು.

ಈಗ ತಿಳಿದಿರುವಂತೆ ಈ ಜನನದ ಬಗೆಯನ್ನು ತುಸು ವಿವರಿಸುವೆನು. ಪ್ರಾಯಕ್ಕೆ ಬಂದ ಮನುಷ್ಯನ ಬೆನ್ನುಮೂಳೆ, ಎದೆಯ ಎಲುಬು, ಪಕ್ಕೆಲುಬು, ಸೊಂಟದ ಎಲುಬು, ತಲೆಬುರುಡೆ ಮತ್ತು ತೋಳುತೊಡೆಗಳ ಎಲುಬುಗಳ ಮೇಲ್ತುದಿ, ಇಷ್ಟು ಕಡೆ ಕೆಂಪು ಮಜ್ಜೆಯುಂಟು. ಅದರಲ್ಲಿ ಮೂಲಕೋಶಗಳೆಂಬ ಬೀಜಪ್ರಾಯವಾದ ಕೋಶಗಳಿವೆ. ಅಂಥದೊಂದು ಕೋಶವು ಒಡೆದು ಎರಡಾಗುವಾಗ ತನ್ನಂಥದನ್ನೇ ಉಳಿಸಿಕೊಳ್ಳಲೂ ಬಲ್ಲುದು, ಬೇರೆ ಜಾತಿಯ ಕಣಗಳಿಗೆ ಜನ್ಮಕೊಡಲೂ ಬಲ್ಲುದು. ಬೀಜದ ಭತ್ತವನ್ನು ತೆಗೆದಿರಿಸಿ ಉಳಿದುದನ್ನು ಊಟಕ್ಕೆ ಬಳಸುವ ಒಕ್ಕಲಿಗನ ರೀತಿ. ಅದರಿಂದ ಕೆಂಪುಕಣ, ಬಿಳಿಕಣ, ಕಿರುತಟ್ಟೆ ಎಂಬ ಮೂರು ವಂಶಗಳು ಕವಲೊಡೆಯುವುವು.

ಕೆಂಪುಕಣವು ಸುಮಾರು ಒಂದು ವಾರದಲ್ಲಿ ಸಿದ್ಧವಾಗುವುದು. ಮಜ್ಜೆಯಿಂದ ಹೊರಡುವ ಮುನ್ನ ಅದು ತನ್ನ ಕೋಶಬೀಜವನ್ನೇ ಹೊರಕ್ಕೆ ನೂಕಿ, ಒಡಲನ್ನೆಲ್ಲ ಹಿಮೋಗ್ಲೋಬಿನ್ ಎಂಬ ಲೋಹಯುಕ್ತ ವಸ್ತುವಿಗೆ ಬಿಟ್ಟುಕೊಡುವುದು. ಆ ಬಳಿಕ ಅದಕ್ಕೆ ಸಂತಾನವಿಲ್ಲ. ಶ್ವಾಸಕೋಶದಿಂದ ಪ್ರಾಣವಾಯುವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸುವುದೊಂದೇ ಕೆಲಸ. ಒಂದು ಘನ ಮಿಲಿಮೀಟರಿನಷ್ಟು ರಕ್ತದಲ್ಲಿ ಇಂಥವು ಸುಮಾರು ೫೦ ಲಕ್ಷ. ಒಂದೊಂದರ ಆಯುಸ್ಸು ಸುಮಾರು ೧೨೦ ದಿನ. ಹಳತಾದವುಗಳನ್ನು ಪ್ಲೀಹ ಮತ್ತು ಯಕೃತ್ತುಗಳಲ್ಲಿರುವ ಭಕ್ಷಕಕೋಶಗಳು ನುಂಗಿಬಿಡುವುವು. ಆ ನಷ್ಟವನ್ನು ತುಂಬಲು ಮಜ್ಜೆಯು ಕ್ಷಣಕ್ಷಣಕ್ಕೆ, ಅಂದರೆ ಪ್ರತಿಯೊಂದು ಸೆಕೆಂಡಿಗೆ, ೨೦ ಲಕ್ಷಕ್ಕೂ ಮಿಕ್ಕಿ ಹೊಸ ಕಣಗಳನ್ನು ಹೆರಬೇಕು. ಇದಕ್ಕೆ ದಿನಕ್ಕೆ ಸುಮಾರು ೨೦ ಮಿಲಿಗ್ರಾಂ ಕಬ್ಬಿಣವು ಬೇಕು. ಆಹಾರದಿಂದ ಮೈಗೆ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದುದೆಲ್ಲವೂ ಸತ್ತ ಕಣಗಳದೇ ಕಬ್ಬಿಣ. ಅಜ್ಜಿಯ ಹಳೆಯ ಬಳೆಯನ್ನು ಕರಗಿಸಿ ಮೊಮ್ಮಗಳಿಗೆ ಸರ ಮಾಡಿಸುವ ಮನೆವಾರ್ತೆ ಇದು. ಎಷ್ಟು ಕಣಗಳು ಬೇಕೆಂಬುದನ್ನು ನಿಶ್ಚಯಿಸುವ ಅಂಗವು ಮೂತ್ರಪಿಂಡವೆಂದರೆ ಯಾರಿಗಾದರೂ ಆಶ್ಚರ್ಯವಾಗದಿರದು. ಪ್ರಾಣವಾಯುವು ಕಡಮೆಯಾದಾಗ ಅಲ್ಲಿಂದ ಒಂದು ರಸವಸ್ತುವು ಹೊರಟು ಮಜ್ಜೆಯನ್ನು ಪ್ರಚೋದಿಸುವುದು.

ಬಿಳಿಕಣಗಳ ಸಂಖ್ಯೆ ಅದೇ ಅಳತೆಯಲ್ಲಿ ನಾಲ್ಕರಿಂದ ಹನ್ನೊಂದು ಸಾವಿರ. ಇವು ಕಾವಲಿನವರು. ರೋಗಾಣುಗಳನ್ನು ನುಂಗುವವು ಕೆಲವು; ಒಮ್ಮೆ ಬಂದ ಶತ್ರುವಿನ ಗುರುತನ್ನು ವರ್ಷಗಟ್ಟಲೆ ನೆನಪಿಟ್ಟು ಪ್ರತಿವಸ್ತುವನ್ನು ತಯಾರಿಸುವವು ಕೆಲವು. ಕಿರುತಟ್ಟೆಗಳು, ಈಗ ಮನೆಮಾತಾಗಿರುವ ಪ್ಲೇಟ್‌ಲೆಟ್ಟುಗಳು, ಒಂದೂವರೆಯಿಂದ ನಾಲ್ಕು ಲಕ್ಷ. ಮಜ್ಜೆಯಲ್ಲಿರುವ ಒಂದು ಮಹಾಕೋಶದ ಚೂರುಗಳೇ ಇವು. ಗಾಯವಾದಲ್ಲಿ ಒಂದಕ್ಕೊಂದು ಅಂಟಿ ನೆತ್ತರನ್ನು ಕಟ್ಟುವುವೆಂದು ೧೮೮೨ರಲ್ಲಿ ತೋರಿಸಿದವನು ಮೇಲೆ ಹೇಳಿದ ಬಿಜ್ಜೊಜೆರೋವೇ.

ಇಲ್ಲಿ ನನ್ನ ಮಾತನ್ನು ಹೇಳಬೇಕಾಗಿದೆ. ೧೯೮೬ರಲ್ಲಿ ನಾನು ಪಾಠಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿ ಸಂಸ್ಕೃತಾಧ್ಯಾಪಕನಾಗಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನನ್ನ ತರಗತಿಯ ಹುಡುಗನೊಬ್ಬನ ಅಕ್ಕನಿಗೆ ಮೈಯೆಲ್ಲ ಬಿಳಚಿ, ನಡೆದರೆ ಏದುಸಿರು ಬರುತ್ತಿದ್ದಿತು. ಓದಿದವನೆಂದು ಅವಳ ತಂದೆಯು ನನ್ನನ್ನು ಕೇಳಿದನು. ಪಾಂಡುರೋಗವೆಂದೂ, ರಂಜಕಪಿತ್ತವು ಕೆಟ್ಟಿದೆಯೆಂದೂ, ಮಂಡೂರಯೋಗವೇ ಇದಕ್ಕೆ ಮದ್ದೆಂದೂ ನಾನು ಗ್ರಂಥವನ್ನು ತೆರೆದು ಹೇಳಿದೆನು. ಮೂರು ವಾರ ಅದೇ ನಡೆಯಿತು. ವಸಡಿನಲ್ಲಿ ರಕ್ತ ಕಾಣಿಸಿಕೊಂಡ ಮೇಲೆ ಅವಳನ್ನು ಪೇಟೆಯ ಆಸ್ಪತ್ರೆಗೆ ಕೊಂಡೊಯ್ದರು. ಒಂದು ದಿನ ಆ ಹುಡುಗನು ತರಗತಿಯಲ್ಲಿ ಎದ್ದು ನಿಂತು, "ಪಂಡಿತ ಮಾಸ್ಟ್ರೇ, ನೆತ್ತರು ಹುಟ್ಟುವುದು ಯಕೃತ್ತಿನಲ್ಲಿ ಅಂತ ನೀವು ಹೇಳಿದ್ದೀರಿ. ಹಾಗಾದರೆ ಡಾಕ್ಟ್ರು ಅಕ್ಕನ ಸೊಂಟದ ಎಲುಬಿಗೆ ಯಾಕೆ ಸೂಜಿ ಚುಚ್ಚಿದರು?" ಎಂದು ಕೇಳಿದನು. ನನಗೆ ಉತ್ತರವು ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಬದಲು ಕುಳಿತುಕೊಳ್ಳೆಂದು ಗದರಿಸಿದೆನು. ಅವಳಿಗಿದ್ದುದು ಕಬ್ಬಿಣದ ಕೊರತೆಯಲ್ಲ; ಮಜ್ಜೆಯೇ ಬತ್ತಿದ್ದಿತು. ಅವಳು ಆ ಮಳೆಗಾಲವನ್ನು ದಾಟಲಿಲ್ಲ. ಮೂರು ವಾರ ಮೊದಲೇ ಹೋಗಿದ್ದರೆ ಉಳಿಯುತ್ತಿದ್ದಳೆಂದು ನಾನು ಹೇಳಲಾರೆ. ಆ ಮೂರು ವಾರಗಳು ನನ್ನವು ಎಂಬುದನ್ನು ಮಾತ್ರ ಮರೆಯಲಾರೆ.

ಮಂಡೂರವು ಸುಳ್ಳೆಂದು ಇದರ ಅರ್ಥವಲ್ಲ. ಅದು ಲೋಹದ ಕಿಟ್ಟದಿಂದ ಮಾಡಿದ ಔಷಧ. ಪಾಂಡುವಿಗೆ ಲೋಹವನ್ನು ಕೊಡಬೇಕೆಂದು ಪ್ರಾಚೀನರು ಅನುಭವದಿಂದ ಕಂಡುಕೊಂಡುದು ಸಾಮಾನ್ಯವಲ್ಲ. ಬರಿಗಾಲಿನಲ್ಲಿ ಒದ್ದೆ ನೆಲದ ತೋಟಗಳಲ್ಲಿ ದುಡಿಯುವವರಿಗೆ ಕೊಕ್ಕೆಹುಳು ಕರುಳನ್ನು ಸೇರಿ ರಕ್ತವನ್ನು ಹೀರುವುದರಿಂದ ಬರುವ ಪಾಂಡುವೇ ನಮ್ಮ ಕಡೆ ಹೆಚ್ಚಾಗಿದ್ದಿತು. ಅಲ್ಲಿ ಲೋಹವು ಸಹಾಯಕವೇ ಸರಿ. ನನ್ನ ತಪ್ಪು, ಒಂದೇ ಹೆಸರಿನ ಕೆಳಗೆ ಹತ್ತು ರೋಗಗಳಿರಬಹುದೆಂಬುದನ್ನು ಯೋಚಿಸದೆ ಹೋದುದು.

ಇನ್ನು ಕೆಲವರು, ಗರ್ಭಸ್ಥ ಶಿಶುವಿನಲ್ಲಿ ಯಕೃತ್ತೂ ಪ್ಲೀಹವೂ ರಕ್ತವನ್ನು ತಯಾರಿಸುವುವೆಂದು ವಿಜ್ಞಾನಿಗಳೇ ಹೇಳುವರಲ್ಲ, ಸುಶ್ರುತನು ಅದನ್ನೇ ಹೇಳಿದನು ಎಂದು ವಾದಿಸುವುದುಂಟು. ಶಿಶುವಿನ ವಿಷಯವು ನಿಜ. ಗರ್ಭದ ನಡುಗಾಲದಲ್ಲಿ ಯಕೃತ್ತೇ ಮುಖ್ಯ ಸ್ಥಾನವಾಗಿದ್ದು, ಆಮೇಲೆ ಮಜ್ಜೆಯು ಆ ಕಾರ್ಯಭಾರವನ್ನು ವಹಿಸಿಕೊಳ್ಳುವುದು. ಆದರೆ ಸುಶ್ರುತನು ಹೇಳಿದುದು ಅನ್ನವನ್ನು ಉಣ್ಣುವ ಮನುಷ್ಯನ ವಿಷಯವಾಗಿ. ಆಚಾರ್ಯನು ಹೇಳದ ಅರ್ಥವನ್ನು ಆಚಾರ್ಯನ ಬಾಯಲ್ಲಿ ತುರುಕುವುದು ಭಕ್ತಿಯಲ್ಲ.

ನಮ್ಮ ಘಟ್ಟದ ಬುಡದ ಸೀಮೆಗೆ ರಕ್ತದ ರೋಗಗಳು ಹೊಸವಲ್ಲ. ಚಾರ್ಮಾಡಿಯ ಕೆಳಗಿನ ಊರುಗಳಲ್ಲಿ ಹಿಂದೆ ಚಳಿಜ್ವರದ ಕಾಟ ಹೇಳತೀರದು. ಮಕ್ಕಳ ಎಡಹೊಟ್ಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕುವ ಜ್ವರಗಡ್ಡೆಯನ್ನು ಹಿರಿಯರು ಬಲ್ಲರು. (ಕನ್ನಡದಲ್ಲಿ ಪ್ಲೀಹಕ್ಕೆ ಗುಲ್ಮವೆನ್ನುವ ರೂಢಿಯಿದೆ, ಸಂಸ್ಕೃತವೈದ್ಯದಲ್ಲಿ ಗುಲ್ಮವೆಂಬುದು ಬೇರೊಂದು ಉದರರೋಗ. ಈ ಶಬ್ದಸಾಮ್ಯವು ಎಷ್ಟೋ ಮಂದಿ ವಿದ್ಯಾರ್ಥಿಗಳನ್ನು ದಾರಿತಪ್ಪಿಸಿದೆ.) ಚಳಿಜ್ವರದ ಅಣುಜೀವಿಯು ಕೆಂಪುಕಣದ ಒಳಹೊಕ್ಕು ಅದನ್ನು ತಿಂದು ಒಡೆಯುವುದು, ಒಡೆದ ಕಣಗಳ ರಾಶಿಯನ್ನು ವಿಲೇವಾರಿ ಮಾಡುವ ಪ್ಲೀಹವು ಉಬ್ಬುವುದು. ಈ ಜೀವಿಯನ್ನು ೧೮೮೦ರಲ್ಲಿ ಲಾವೆರಾನನು ಆಲ್ಜೀರಿಯದಲ್ಲಿ ರಕ್ತದೊಳಗೆ ಕಂಡನು. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ೧೮೯೭ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಕಂಡನು. ಅದಕ್ಕೆ ಎರಡು ವರ್ಷ ಮೊದಲು ಇದೇ ರಾಸನನ್ನು ಬೆಂಗಳೂರಿಗೆ ಕಾಲರಾ ನಿವಾರಣೆಗಾಗಿ ಕಳುಹಿಸಿದ್ದರು.

ಎರಡನೆಯದು ಮಂಗನ ಕಾಯಿಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದನ್ನು ಕಂಡು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ರೋಗಾಣುವನ್ನು ಪತ್ತೆಹಚ್ಚಿದರು. ೧೯೮೨-೮೩ರಲ್ಲಿ ಅದು ನಮ್ಮ ಬೆಳ್ತಂಗಡಿ ತಾಲೂಕಿಗೇ ಬಂದಿತು. ಕಟ್ಟಿಗೆಗೂ ಸೊಪ್ಪಿಗೂ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತಿದ್ದಿತು; ಮೂಗು ವಸಡುಗಳಲ್ಲಿ ರಕ್ತ ಒಸರುತ್ತಿದ್ದಿತು. ದೈವದ ಮುನಿಸೆಂದವರೂ ಇದ್ದರು. ಈ ರೋಗದಲ್ಲಿ ಬಿಳಿಕಣಗಳೂ ಕಿರುತಟ್ಟೆಗಳೂ ಒಟ್ಟಿಗೆ ಇಳಿಯುವುವು. ಕಾವಲಿನವರೂ ಕಟ್ಟೆ ಕಟ್ಟುವವರೂ ಒಮ್ಮೆಗೇ ಇಲ್ಲವಾದಂತೆ.

ರಕ್ತೋತ್ಪತ್ತಿಯ ಚರಿತ್ರೆಯಲ್ಲಿ ಭಾರತಕ್ಕೆ ಸಲ್ಲತಕ್ಕ ಪುಟವೊಂದುಂಟು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ಪಾಂಡುರೋಗವನ್ನು ಪರಿಶೀಲಿಸಿದಳು. ಯೀಸ್ಟಿನ ಸಾರವಾದ ಮಾರ್ಮೈಟನ್ನು ತಿನ್ನಿಸಿದಾಗ ಅವರ ರಕ್ತವು ಸುಧಾರಿಸಿತು. ೧೯೩೧ರಲ್ಲಿ ಇದನ್ನು ಪ್ರಕಟಿಸಿದಳು. ಅದರಲ್ಲಿದ್ದ ದ್ರವ್ಯವು ಸೊಪ್ಪುಗಳಲ್ಲಿಯೂ ಇರುವ ಫೋಲಿಕ್ ಆಮ್ಲ. ಅದನ್ನು ೧೯೪೫ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥನು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಿಳಿಕಣಗಳು ಹದ್ದುಮೀರಿ ಹೆಚ್ಚುವ ರಕ್ತದ ಅರ್ಬುದಕ್ಕೆ ಮೊದಲ ಫಲಕಾರಿ ಔಷಧಗಳಲ್ಲೊಂದು ಅದೇ ತಂಡದ ಕೈಯಿಂದ ಬಂದಿತು.

ಮಜ್ಜೆಯ ಮೂಲಕೋಶಗಳುಂಟೆಂಬುದಕ್ಕೆ ಪ್ರತ್ಯಕ್ಷಪ್ರಮಾಣವು ೧೯೬೧ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ದೊರೆಯಿತು. ಟಿಲ್ ಮತ್ತು ಮೆಕಲಕ್ ಎಂಬವರು ವಿಕಿರಣದಿಂದ ಇಲಿಗಳ ಮಜ್ಜೆಯನ್ನು ನಾಶಮಾಡಿ, ಬೇರೆ ಇಲಿಗಳ ಮಜ್ಜೆಯನ್ನು ಅವುಗಳ ನರಕ್ಕೆ ಚುಚ್ಚಿದರು. ಹತ್ತು ದಿನಗಳ ಬಳಿಕ ಹೊಸ ರಕ್ತಕೋಶಗಳ ಗಂಟುಗಳು ಎದ್ದು ಕಾಣಿಸಿದುದು ಎಲ್ಲಿ? ಪ್ಲೀಹದಲ್ಲಿ! ಅಮೆರಿಕದ ಡೊನಾಲ್ ಥಾಮಸನು ಮನುಷ್ಯರಲ್ಲಿ ಮಜ್ಜೆಯನ್ನು ಕಸಿಮಾಡುವ ವಿಧಾನವನ್ನು ಸಾಧಿಸಿ ೧೯೯೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ನಮ್ಮ ದೇಶದಲ್ಲಿ ಈ ಚಿಕಿತ್ಸೆಯು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ೧೯೮೩ರಲ್ಲಿ ಆರಂಭವಾಗಿದ್ದಿತೆಂಬುದನ್ನು ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದೆನು. ಒಡಹುಟ್ಟಿದವರಲ್ಲಿ ಒಬ್ಬರ ಮಜ್ಜೆಯು ಇನ್ನೊಬ್ಬರಿಗೆ ಹೊಂದುವ ಸಂಭವವು ನಾಲ್ಕರಲ್ಲಿ ಒಂದು. ಆ ಹುಡುಗಿಗೆ ಇದ್ದವನು ತಮ್ಮನೊಬ್ಬನೇ. ತರಗತಿಯಲ್ಲಿ ಎದ್ದು ನಿಂತು ಕೇಳಿದವನು.