ಕ್ಷಯಮುಕ್ತರ ಉತ್ತರ ಜೀವನ: ಆರೈಕೆಯ ಪರಿಕಲ್ಪನೆಯ ಒಂದು ಐತಿಹಾಸಿಕ ಅವಲೋಕನ

ದಕ್ಷಿಣ ಭಾರತದ ಕ್ಷಯರೋಗದ ಚರಿತ್ರೆಯನ್ನು ಸಾಮಾನ್ಯವಾಗಿ ಸಾವು ಮತ್ತು ಗುಣ ಎಂಬ ಎರಡು ಲೆಕ್ಕಗಳಲ್ಲಿ ನಿರೂಪಿಸಲಾಗುತ್ತದೆ. ಇವೆರಡರ ನಡುವೆ ಮೂರನೆಯ ಸಮೂಹವೊಂದಿದೆ. ರೋಗಾಣುವಿನಿಂದ ಬಿಡುಗಡೆ ಹೊಂದಿಯೂ ಹಾನಿಗೊಂಡ ಶ್ವಾಸಕೋಶದೊಡನೆ ದಶಕಗಳ ಕಾಲ ಬಾಳಿದವರು ಅವರು. ಇವರ ಆರೈಕೆ ಎಂದು ವೈದ್ಯಕೀಯದ ಹೊಣೆಯಾಗಿತ್ತು, ಎಂದು ಆ ಹೊಣೆ ಕಳಚಿಹೋಯಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪರಿಣಾಮಕಾರಿ ಔಷಧಗಳಿಲ್ಲದ ಕಾಲದಲ್ಲಿ ವಿಶ್ರಾಂತಿ, ಶುದ್ಧ ಗಾಳಿ ಮತ್ತು ಪುಷ್ಟಿಕರ ಆಹಾರಗಳೇ ಚಿಕಿತ್ಸೆಯಾಗಿದ್ದವು. 1915ರಲ್ಲಿ ಮದನಪಲ್ಲೆಯ ಬಳಿಯ ಆರೋಗ್ಯವರಂನಲ್ಲಿಯೂ 1921ರಲ್ಲಿ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿಯೂ ಸ್ಥಾಪಿತವಾದ ಸ್ಯಾನಟೋರಿಯಂಗಳು ಈ ಪದ್ಧತಿಗೆ ಸೇರಿದವು. ಆ ಯುಗದ ವೈದ್ಯರು ‘ಗುಣವಾಯಿತು’ ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸುತ್ತಿದ್ದರು. ರೋಗ ‘ತಡೆಹಿಡಿಯಲ್ಪಟ್ಟಿದೆ’ ಎಂದಷ್ಟೇ ಅನೇಕ ವೇಳೆ ದಾಖಲಿಸುತ್ತಿದ್ದರು. ಬಿಡುಗಡೆಯಾದವನು ಹಳೆಯ ದುಡಿಮೆಗೂ ಇಕ್ಕಟ್ಟಾದ ಮನೆಗೂ ಮರಳಿದರೆ ರೋಗ ಮರುಕಳಿಸುವುದೆಂಬುದು ಅವರ ಅನುಭವವಾಗಿತ್ತು.

ಈ ಅನುಭವದಿಂದಲೇ ಉತ್ತರ ಆರೈಕೆಯ ಕಲ್ಪನೆ ಮೂಡಿತು. ಅದರ ಪ್ರಸಿದ್ಧ ಮಾದರಿ ಇಂಗ್ಲೆಂಡಿನ ಪ್ಯಾಪ್‌ವರ್ತ್. ಪೆಂಡ್ರಿಲ್ ವೇರಿಯರ್-ಜೋನ್ಸ್ 1916ರಲ್ಲಿ ಬೋರ್ನ್ ಗ್ರಾಮದಲ್ಲಿ ಆರಂಭಿಸಿ 1918ರಲ್ಲಿ ಪ್ಯಾಪ್‌ವರ್ತ್‌ಗೆ ಸ್ಥಳಾಂತರಿಸಿದ ವಸಾಹತುವಿನಲ್ಲಿ ಚೇತರಿಸಿಕೊಂಡವರು ಕುಟುಂಬಸಮೇತ ನೆಲೆಸಿ, ತಮ್ಮ ಶಕ್ತಿಗೆ ತಕ್ಕಷ್ಟು ಹೊತ್ತು ಮರಗೆಲಸ, ಮುದ್ರಣ ಮೊದಲಾದ ವೃತ್ತಿಗಳಲ್ಲಿ ತೊಡಗಿ ಕೂಲಿ ಪಡೆಯುತ್ತಿದ್ದರು. ಭಾರತದಲ್ಲಿಯೂ ಭೋರ್ ಸಮಿತಿಯ 1946ರ ವರದಿ ಉತ್ತರ ಆರೈಕೆಯನ್ನು ಕ್ಷಯನಿವಾರಣೆಯ ಒಂದು ಅಂಗವೆಂದು ಪರಿಗಣಿಸಿತು. ಆದರೆ ಅದೇ ವರದಿಯ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ರೋಗಿಗಳಿದ್ದು ವರ್ಷಕ್ಕೆ 5 ಲಕ್ಷ ಮಂದಿ ಸಾಯುತ್ತಿದ್ದರು. ಲಭ್ಯವಿದ್ದ ಹಾಸಿಗೆಗಳು ಸುಮಾರು 6000 ಮಾತ್ರ. ಹಾಸಿಗೆಯೇ ದೊರೆಯದಲ್ಲಿ ಉತ್ತರ ಆರೈಕೆ ಕೆಲವರ ಭಾಗ್ಯವಾಗಿಯೇ ಉಳಿಯಿತು.

ಸ್ಟ್ರೆಪ್ಟೊಮೈಸಿನ್, ಪ್ಯಾಸ್ ಮತ್ತು 1952ರಲ್ಲಿ ಬಳಕೆಗೆ ಬಂದ ಐಸೋನಿಯಜಿಡ್ ಔಷಧಗಳು ಈ ಚಿತ್ರವನ್ನು ಬದಲಿಸಿದವು. 1956ರಲ್ಲಿ ಸ್ಥಾಪಿತವಾದ ಮದರಾಸಿನ ಕ್ಷಯ ಔಷಧೋಪಚಾರ ಕೇಂದ್ರವು ನಗರದ ಬಡ ರೋಗಿಗಳಲ್ಲಿ ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ ಒಂದು ವರ್ಷ ಒಂದೇ ಔಷಧಗಳನ್ನು ನೀಡಿ ಪರೀಕ್ಷಿಸಿತು. ಆಹಾರ, ವಸತಿ, ವಿಶ್ರಾಂತಿಗಳ ಕೊರತೆಯಿದ್ದರೂ ಮನೆಯ ಚಿಕಿತ್ಸೆ ಹೆಚ್ಚುಕಡಿಮೆ ಅಷ್ಟೇ ಫಲಕಾರಿಯೆಂದು 1959ರಲ್ಲಿ ಪ್ರಕಟವಾದ ವರದಿ ತೋರಿಸಿತು. ಲಕ್ಷಾಂತರ ಬಡವರಿಗೆ ಚಿಕಿತ್ಸೆಯ ಬಾಗಿಲನ್ನು ತೆರೆದ ಈ ನಿರ್ಣಯದ ಮಹತ್ವ ನಿರ್ವಿವಾದ. ಆದರೆ ಸ್ಯಾನಟೋರಿಯಂ ಅನಗತ್ಯವೆನಿಸಿದೊಡನೆ ಅದಕ್ಕೆ ಅಂಟಿಕೊಂಡಿದ್ದ ಉತ್ತರ ಆರೈಕೆಯೂ ಅನಗತ್ಯವೆನಿಸಿತು. ಕೇಂದ್ರವು ರೋಗಿಗಳನ್ನು ಐದು ವರ್ಷ ಅನುಸರಿಸಿತಾದರೂ ಅದರ ಮುಖ್ಯ ಪ್ರಶ್ನೆ ರೋಗ ಮರುಕಳಿಸಿತೇ ಎಂಬುದಾಗಿತ್ತು.

ಈ ದೃಷ್ಟಿಭೇದವನ್ನು ಕರ್ನಾಟಕದ ನಿದರ್ಶನವೊಂದು ಸ್ಪಷ್ಟಪಡಿಸುತ್ತದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರ ಅವಧಿಯಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಬಾರಿ ಸಮೀಕ್ಷೆ ನಡೆಸಿತು. ಸಂಘಟಿತ ಚಿಕಿತ್ಸೆ ತಲುಪಿರದ ಆ ಹಳ್ಳಿಗಳಲ್ಲಿ, ಮೊದಲು ಕಫದಲ್ಲಿ ರೋಗಾಣು ಕಂಡುಬಂದವರ ಪೈಕಿ ಐದು ವರ್ಷಗಳಲ್ಲಿ ಶೇ. 49ರಷ್ಟು ಮಂದಿ ಮರಣ ಹೊಂದಿದ್ದರು, ಶೇ. 18ರಷ್ಟು ಮಂದಿಯ ಕಫದಲ್ಲಿ ರೋಗಾಣು ಉಳಿದಿತ್ತು, ಉಳಿದ ಶೇ. 33ರಷ್ಟು ಮಂದಿ ತಾವಾಗಿಯೇ ಗುಣ ಹೊಂದಿದ್ದರು. ಇಲ್ಲಿ ‘ಗುಣ’ವೆಂದರೆ ಕಫದಲ್ಲಿ ರೋಗಾಣು ಕಾಣದಿರುವುದು. ಇನ್ನೊಬ್ಬರಿಗೆ ಸೋಂಕು ತಗಲುವುದೇ ಎಂಬುದು ಸಾಂಕ್ರಾಮಿಕ ಶಾಸ್ತ್ರದ ಪ್ರಶ್ನೆ. ನೇಗಿಲು ಹಿಡಿಯಬಲ್ಲೆನೇ, ನೀರು ಹೊರಬಲ್ಲೆನೇ ಎಂಬುದು ಬದುಕುಳಿದವರ ಪ್ರಶ್ನೆ. ಮೊದಲನೆಯದಕ್ಕೆ ಅಂಕಿಅಂಶಗಳು ಉಳಿದಿವೆ. ಎರಡನೆಯದನ್ನು ಬರೆದುಕೊಳ್ಳಲು ಆ ಲೆಕ್ಕದಲ್ಲಿ ಅಂಕಣವೇ ಇರಲಿಲ್ಲ.

1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವೂ 1997ರ ಪರಿಷ್ಕೃತ ಕಾರ್ಯಕ್ರಮವೂ ಇದೇ ಮಾನದಂಡವನ್ನು ಮುಂದುವರಿಸಿದವು. ಕಫ ಪರೀಕ್ಷೆ ಶುದ್ಧವಾಗಿ ಔಷಧದ ಅವಧಿ ಮುಗಿದಾಗ ರೋಗಿಯ ಹೆಸರು ದಾಖಲೆಯಿಂದ ಹೊರಬೀಳುತ್ತಿತ್ತು. ಶ್ವಾಸನಾಳಗಳು ಹಿಗ್ಗಿ ಕೀವು ತುಂಬುವುದು, ಶ್ವಾಸಕೋಶ ಗಂಟುಗಟ್ಟುವುದು, ಹಳೆಯ ಕುಹರಗಳಲ್ಲಿ ಶಿಲೀಂಧ್ರ ಬೆಳೆದು ರಕ್ತ ಕಾರುವುದು, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದಿನಿಂದ ಕಿವುಡುತನ ಬರುವುದು ಮುಂತಾದವು ಕಾರ್ಯಕ್ರಮದ ಲೆಕ್ಕಕ್ಕೆ ಸೇರಲಿಲ್ಲ.

ಮರೆತ ಈ ಪ್ರಶ್ನೆ ಇತ್ತೀಚೆಗೆ ಮತ್ತೆ ಮುನ್ನೆಲೆಗೆ ಬಂದಿದೆ. ಚಿಕಿತ್ಸೆ ಪೂರೈಸಿದವರಲ್ಲಿ ಮರಣದ ಪ್ರಮಾಣ ಸಮಾನ ಜನವರ್ಗಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು 2019ರ ಒಂದು ವಿಶ್ಲೇಷಣೆ ತಿಳಿಸಿತು. 1980ರಿಂದ ಕ್ಷಯಕ್ಕೊಳಗಾಗಿ 2020ರಲ್ಲಿ ಜೀವಂತವಾಗಿದ್ದವರು ಜಗತ್ತಿನಲ್ಲಿ ಸುಮಾರು 15.5 ಕೋಟಿಯೆಂದು 2021ರ ಅಧ್ಯಯನವೊಂದು ಅಂದಾಜಿಸಿತು. ಭಾರತದ 2016ರ ಮಾರ್ಗಸೂಚಿ ಚಿಕಿತ್ಸೆಯ ಬಳಿಕ 6, 12, 18 ಮತ್ತು 24ನೆಯ ತಿಂಗಳುಗಳಲ್ಲಿ ಪರೀಕ್ಷೆಯನ್ನು ವಿಧಿಸಿತು. ಅದರ ಪ್ರಧಾನ ಗುರಿ ಮರುಕಳಿಕೆಯ ಪತ್ತೆಯಾದರೂ ದಾಖಲೆ ಚಿಕಿತ್ಸೆಯ ಆಚೆಗೂ ಮುಂದುವರಿಯಬೇಕೆಂಬ ತತ್ತ್ವವನ್ನು ಅದು ಒಪ್ಪಿದೆ.

ಒಟ್ಟಿನಲ್ಲಿ, ಉತ್ತರ ಆರೈಕೆ ಕಣ್ಮರೆಯಾದುದು ಅದರ ಅಗತ್ಯ ತೀರಿದ್ದರಿಂದಲ್ಲ. ಅದನ್ನು ಸ್ಯಾನಟೋರಿಯಂನ ಕಟ್ಟಡದೊಡನೆ ಒಂದಾಗಿ ಎಣಿಸಿದ್ದರಿಂದ. ಮನೆಯಲ್ಲಿ ಚಿಕಿತ್ಸೆ ಸಾಧ್ಯವೆಂದು ತೋರಿದ ನಾಡಿನಲ್ಲಿ ಮನೆಯಲ್ಲಿಯೇ ಉತ್ತರ ಆರೈಕೆ ಹೇಗೆ ಎಂಬ ಪ್ರಶ್ನೆ ಅಂದೇ ಏಳಬೇಕಿತ್ತು. ಹಳೆಯ ಆಸ್ಪತ್ರೆಗಳ ಬಿಡುಗಡೆ ದಾಖಲೆಗಳು, ಮರುಭೇಟಿಯ ಚೀಟಿಗಳು ಉಳಿದಿರುವಲ್ಲೆಲ್ಲ ಅವುಗಳ ಸಂರಕ್ಷಣೆ ಆಗಬೇಕಾಗಿದೆ. ಕ್ಷಯವನ್ನು ಗೆದ್ದವರು ಆ ಗೆಲುವಿಗೆ ತೆತ್ತ ಬೆಲೆ ಅಲ್ಲಲ್ಲದೆ ಬೇರೆಡೆ ಬರಹರೂಪದಲ್ಲಿ ದೊರೆಯುವುದು ದುರ್ಲಭ.