ಹೊಸ ಶರ್ತಿನ ಜಮೀನು: 1901ರ ಪುಣೆಯ ಚರ್ಚೆ ಮತ್ತು ಮುರಗೋಡ ಸೀಮೆ

ಕ್ರಿ.ಶ. 980ರ ಸವದತ್ತಿಯ ಶಾಸನವೊಂದು, ರಟ್ಟರ ಶಾಂತಿವರ್ಮನು ಸುಗಂಧವರ್ತಿಯಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ದತ್ತಿಯಾಗಿ ಬಿಟ್ಟುದನ್ನು ಹೇಳುತ್ತದೆ. ಭೂಮಿಯೊಡನೆ ಅದರ ಕರಾರನ್ನೂ ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ಬರೆಯಿಸಿ ನಿಲ್ಲಿಸುವುದು ಈ ಸೀಮೆಯ ಹಳೆಯ ರೂಢಿ. ಇದೇ ಸೀಮೆಯ ಮುರಗೋಡದ ಹೊಲಗಳಿಗೆ 1901ರಲ್ಲಿ ಹೊಸದೊಂದು ಕರಾರು ಬಂದಿತು. ಅದನ್ನು ಬರೆದವರು ಪುಣೆಯಲ್ಲಿ ಕುಳಿತಿದ್ದರು. ಬರೆದ ಭಾಷೆ ಇಂಗ್ಲಿಷು. ಆ ಕರಾರು ಹೇಗೆ ಕಾಯದೆಯಾಯಿತೆಂಬುದನ್ನು ತಿಳಿಯಬೇಕಾದರೆ ಮಸೂದೆಯ ಒಕ್ಕಣೆಯಷ್ಟೇ ಸಾಲದು, ಅದನ್ನು ಚರ್ಚಿಸಿದ ಸಭೆಯ ನಿಯಮಗಳನ್ನೂ ನೋಡಬೇಕು.

ಮುರಗೋಡ ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ಪರಸಗಡ ತಾಲೂಕಿಗೆ ಸೇರಿತ್ತು. ಜೋಳ ಹತ್ತಿಗಳನ್ನು ಬೆಳೆಯುವ ಎರೆಭೂಮಿಯ ಈ ಪ್ರದೇಶಕ್ಕೆ 1879ರ ಮುಂಬಯಿ ಭೂಕಂದಾಯ ಕಾಯದೆ ಅನ್ವಯಿಸುತ್ತಿತ್ತು. ಆ ಕಾಯದೆಯಂತೆ ಕಂದಾಯ ತುಂಬುವವರೆಗೆ ರೈತನ ಸ್ವಾಧೀನದ ಹಕ್ಕು ವಂಶಪಾರಂಪರ್ಯವಾದುದು. ಅದನ್ನು ಮಾರಬಹುದಿತ್ತು, ಒತ್ತೆಯಿಡಬಹುದಿತ್ತು. ಕಂದಾಯ ಬಾಕಿ ಬಿದ್ದರೆ ಮಾತ್ರ ಸರ್ಕಾರ ಭೂಮಿಯನ್ನು ಜಪ್ತಿ ಮಾಡಬಹುದಾಗಿತ್ತು. 1896–97 ಮತ್ತು 1899–1900ರ ಬರಗಾಲಗಳು ಪ್ರಾಂತದ ಉದ್ದಗಲಕ್ಕೂ ಬಾಕಿಯನ್ನು ಬೆಳೆಸಿದವು. 1901ರ ಮಸೂದೆ ಹುಟ್ಟಿದ್ದು ಈ ಬಾಕಿಯಿಂದ. ಜಪ್ತಿಯಾದ ಭೂಮಿಯನ್ನು ಸರ್ಕಾರ ಮರಳಿ ಕೊಡಬಹುದು, ಆದರೆ ಪರಭಾರೆ ಮಾಡಕೂಡದೆಂಬ ಹೊಸ ಶರ್ತಿನ ಮೇಲೆ ಕೊಡಬಹುದು ಎಂಬುದು ಅದರ ತಿರುಳು. ಸಾಹುಕಾರನ ಕೈಗೆ ಭೂಮಿ ಹೋಗದಂತೆ ರೈತನನ್ನು ಕಾಪಾಡುವುದೇ ಉದ್ದೇಶವೆಂದು ಸರ್ಕಾರ ವಾದಿಸಿತು. ಒತ್ತೆಯಿಡಲಾಗದ ಭೂಮಿಯ ಮೇಲೆ ಬೀಜಕ್ಕೂ ಎತ್ತಿಗೂ ಸಾಲ ಹುಟ್ಟುವುದಿಲ್ಲ, ರೈತನು ಹಕ್ಕುದಾರನ ಸ್ಥಾನದಿಂದಿಳಿದು ಸರ್ಕಾರದ ಗೇಣಿದಾರನಾಗುತ್ತಾನೆ ಎಂಬುದು ವಿರೋಧಿಗಳ ಮಾತು. ಎರಡು ವಾದಗಳಲ್ಲಿಯೂ ಸತ್ಯಾಂಶವಿತ್ತು. ಸಾವಧಾನವಾಗಿ ಕೂಡಿ ವಿಚಾರಿಸಬೇಕಾದ ವಿಷಯವಿದು.

ವಿಚಾರಕ್ಕೆ ಅವಕಾಶವೆಷ್ಟಿತ್ತು? 1861ರ ಕಾಯದೆಯಿಂದ ರಚಿತವಾದ ಪ್ರಾಂತೀಯ ಶಾಸನಸಭೆ ತನ್ನ ಮುಂದೆ ಬಂದ ಮಸೂದೆಯ ಹೊರತು ಬೇರೇನನ್ನೂ ಮಾತಾಡುವಂತಿರಲಿಲ್ಲ. 1892ರ ಸುಧಾರಣೆ ಪ್ರಶ್ನೆ ಕೇಳುವ ಹಾಗೂ ಆಯವ್ಯಯವನ್ನು ಚರ್ಚಿಸುವ ಹಕ್ಕನ್ನು ಕೊಟ್ಟಿತು; ಪುರಸಭೆ, ಲೋಕಲ್ ಬೋರ್ಡು ಮುಂತಾದ ಸಂಸ್ಥೆಗಳ ಶಿಫಾರಸಿನ ಮೇಲೆ ಕೆಲವು ಸದಸ್ಯರನ್ನು ನಾಮಕರಣ ಮಾಡುವ ಏರ್ಪಾಡು ಬಂದಿತು. ಅಧಿಕಾರಿಗಳ ಬಹುಮತವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಗವರ್ನರನೇ ಸಭಾಧ್ಯಕ್ಷ, ಸರ್ಕಾರಿ ಸದಸ್ಯರು ಸರ್ಕಾರದ ಪಕ್ಷಕ್ಕೇ ಮತ ಹಾಕತಕ್ಕವರು. ವಾಚನಗಳು, ಆಯ್ಕೆ ಸಮಿತಿ, ತಿದ್ದುಪಡಿ ಎಲ್ಲವೂ ವಿಧಿವತ್ತಾಗಿ ನಡೆಯುತ್ತಿದ್ದವು, ಫಲ ಮಾತ್ರ ಮೊದಲೇ ಗೊತ್ತಿರುತ್ತಿತ್ತು. ಇಂಥ ಸಭೆಯಲ್ಲಿ ಸೋಲಿಸುವ ಸೂಚನೆಗಿಂತ ತಡೆಯುವ ಸೂಚನೆಗೆ ಹೆಚ್ಚು ಬೆಲೆ. ಮಸೂದೆಯನ್ನು ಸಾರ್ವಜನಿಕ ಸಂಸ್ಥೆಗಳ ಅಭಿಪ್ರಾಯಕ್ಕೆ ಕಳುಹಿಸಿದರೆ ಕಾಲ ದೊರೆಯುತ್ತದೆ; ಆ ಕಾಲದಲ್ಲಿ ತಾಲೂಕಿನಿಂದಲೂ ದನಿ ಬರಬಹುದು.

ಮೇ ತಿಂಗಳಲ್ಲಿ ಮಹಾಬಳೇಶ್ವರದ ಬೇಸಿಗೆಯ ಬಿಡಾರದಲ್ಲಿ ಮಂಡಿತವಾದ ಮಸೂದೆ ಆಗಸ್ಟ್ 1901ರಲ್ಲಿ ಪುಣೆಯ ಸಭೆಯ ಮುಂದೆ ಬಂದಿತು. ಫಿರೋಜಶಹಾ ಮೆಹತಾ ಆ ಸೂಚನೆಯನ್ನೇ ಹೂಡಿದರು: ಅವಸರ ಬೇಡ, ಅಭಿಪ್ರಾಯಗಳು ಬರಲಿ, ಅಲ್ಲಿಯವರೆಗೆ ಮಸೂದೆ ನಿಲ್ಲಲಿ. ಗೋಪಾಲ ಕೃಷ್ಣ ಗೋಖಲೆಯವರೂ ಮುಂದೂಡಿಕೆಯನ್ನೇ ಬೇಡಿದರು. ಸೂಚನೆ ಬಿದ್ದುಹೋಯಿತು. ಇನ್ನು ಕಲಮು ಕಲಮಿಗೂ ತಿದ್ದುಪಡಿ ತಂದು ಕಲಮು ಕಲಮಿಗೂ ಸೋಲುವುದಷ್ಟೇ ಉಳಿದಿತ್ತು. ಮೆಹತಾ ಎದ್ದು ಹೊರನಡೆದರು. ಹಿಂದೆಯೇ ಗೋಖಲೆಯವರೂ ಇನ್ನು ಕೆಲವು ಸರ್ಕಾರೇತರ ಸದಸ್ಯರೂ ಹೊರಟರು. ಒಲ್ಲದ ಮನಸ್ಸಿನಿಂದ ಈ ಹೆಜ್ಜೆಯನ್ನಿಡುತ್ತಿರುವುದಾಗಿಯೂ ಇದರಲ್ಲಿ ಯಾರಿಗೂ ಅಗೌರವವಿಲ್ಲವೆಂದೂ ಹೇಳಿಯೇ ಗೋಖಲೆ ಸಭೆಯನ್ನು ಬಿಟ್ಟರು. ಸಭಾಮರ್ಯಾದೆಯನ್ನು ಅಷ್ಟು ನಂಬಿದವರು ಅದನ್ನು ಮೀರಿದ ಗಳಿಗೆಯದು. ಉಳಿದ ಸಭೆ ಮಸೂದೆಯನ್ನು ಅಂಗೀಕರಿಸಿತು. ಅದೇ 1901ರ ಮುಂಬಯಿಯ 6ನೆಯ ಕಾಯದೆ.

ಸಭಾತ್ಯಾಗದಿಂದ ಮಸೂದೆಯ ಒಂದಕ್ಷರವೂ ಬದಲಾಗಲಿಲ್ಲವೆಂಬುದು ನಿಜ. ಅದನ್ನು ಕೇವಲ ಸಿಟ್ಟಿನ ಪ್ರಸಂಗವೆಂದು ತಳ್ಳಿಹಾಕುವುದು ಮಾತ್ರ ಸರಿಯಲ್ಲ. ಸಭೆಯಲ್ಲಿ ಕುಳಿತು ಮತ ಹಾಕಿದ್ದರೆ ಕಾಯದೆಗೆ ಚರ್ಚೆಯಿಂದ ಹುಟ್ಟಿದ್ದೆಂಬ ಮುದ್ರೆ ಬೀಳುತ್ತಿತ್ತು. ಆ ಮುದ್ರೆಯನ್ನು ಕೊಡಲು ಅವರು ಒಪ್ಪಲಿಲ್ಲ. ನಿಯಮಗಳು ಅವರಿಗೆ ಉಳಿಸಿದ್ದ ಏಕೈಕ ಸ್ವಾತಂತ್ರ್ಯವೂ ಅದೇ ಆಗಿತ್ತು.

ಮುಂದಿನ ಸುಧಾರಣೆಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1909ರಲ್ಲಿ ಪ್ರಾಂತೀಯ ಸಭೆಗಳಲ್ಲಿ ಸರ್ಕಾರಿ ಬಹುಮತ ಹೋಯಿತು, 1919ರ ಕಾಯದೆಯಿಂದ ಚುನಾಯಿತರೇ ಹೆಚ್ಚಾದರು. 1937ರ ಚುನಾವಣೆಯಲ್ಲಿ ಬೆಳಗಾವಿ ಜಿಲ್ಲೆಯಿಂದ ಆರಿಸಿಬಂದ ಅಣ್ಣಾಸಾಹೇಬ ಲಠ್ಠೆಯವರು ಬಿ. ಜಿ. ಖೇರ ಮಂತ್ರಿಮಂಡಲದಲ್ಲಿ ಅರ್ಥಸಚಿವರಾದರು. 1905ರಲ್ಲಿಯೇ ಜೈನಧರ್ಮವನ್ನು ಪರಿಚಯಿಸುವ ಇಂಗ್ಲಿಷ್ ಗ್ರಂಥ ಬರೆದ, ಕೊಲ್ಲಾಪುರದ ದಿವಾನಗಿರಿಯನ್ನೂ ನಿರ್ವಹಿಸಿದ ಈ ವಕೀಲರನ್ನು ಜೈನ ಸಮಾಜ ತನ್ನ ಸಂಘಟಕರೆಂದು ನೆನೆಯುತ್ತದೆ. ಶಾಸನಸಭೆಯ ಲಠ್ಠೆಯವರ ಅಧ್ಯಯನ ಕನ್ನಡದಲ್ಲಿ ಇನ್ನಷ್ಟು ನಡೆಯಬೇಕಾಗಿದೆ. 1939ರಲ್ಲಿ ಆ ಸಭೆ ಕೃಷಿಸಾಲಗಾರರ ಪರಿಹಾರ ಕಾಯದೆಯನ್ನೂ ಗೇಣಿ ಕಾಯದೆಯನ್ನೂ ಅಂಗೀಕರಿಸಿತು. 1901ರಲ್ಲಿದ್ದ ಪ್ರಶ್ನೆಯೇ ಇದು: ಸಾಲದಲ್ಲಿ ಮುಳುಗಿದ ರೈತನ ಭೂಮಿ ಯಾರ ಕೈಯಲ್ಲಿ ಉಳಿಯಬೇಕು? ಆದರೆ ಈ ಬಾರಿ ಸರ್ಕಾರದ ಪೀಠದಲ್ಲಿದ್ದವರು ಬಹುಮತವನ್ನು ಮತದಾರರಿಂದ ತಂದವರು, ಸಭೆಯಲ್ಲಿ ಅದನ್ನು ಕಳೆದುಕೊಳ್ಳಬಹುದಾದವರು. ಅದೇ ವರ್ಷದ ಕೊನೆಯಲ್ಲಿ, ಯುದ್ಧದ ವಿಷಯದಲ್ಲಿ ಕಾಂಗ್ರೆಸ್ಸು ತಳೆದ ನಿಲುವಿನಂತೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಪ್ರಾಂತದ ಆಡಳಿತ ಮತ್ತೆ ಗವರ್ನರನ ಕೈಸೇರಿತು.

1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಮುಂಬಯಿಯ ಭೂಕಂದಾಯ ಕಾಯದೆ, 1901ರ ತಿದ್ದುಪಡಿಯ ಸಮೇತ, ಇಲ್ಲಿ ಕೆಲಕಾಲ ಮುಂದುವರಿಯಿತು. ಅದರ ಸ್ಥಾನಕ್ಕೆ ಬೆಂಗಳೂರಿನ ವಿಧಾನಮಂಡಲದ ಭೂಕಂದಾಯ ಅಧಿನಿಯಮ ಬಂದುದು 1964ರಲ್ಲಿ.