ಅಣೆಕಟ್ಟು ಏಳದ ಕಣಿವೆ

ಕೇರಳದ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನ ನೋಡಲು ಹೋದವರಿಗೆ ಸಿಗುವುದು ಅರ್ಧ ದಿನವಷ್ಟೇ. ಪಾಲಕ್ಕಾಡ್ ಜಿಲ್ಲೆಯ ಮಣ್ಣಾರ್ಕಾಡಿನಿಂದ ಘಾಟಿ ಹತ್ತಿ ಮುಕ್ಕಾಲಿಗೆ ಬಂದರೆ ಅಲ್ಲಿ ಅರಣ್ಯ ಇಲಾಖೆಯ ಕಚೇರಿ. ಸ್ವಂತ ಕಾರು ಅಲ್ಲೇ ನಿಲ್ಲಬೇಕು. ಮುಂದಿನ ದಾರಿಗೆ ಇಲಾಖೆಯಲ್ಲಿ ನೋಂದಾಯಿಸಿದ ಜೀಪು, ಜೊತೆಗೊಬ್ಬ ಗೈಡು. ಗೈಡುಗಳಲ್ಲಿ ಹಲವರು ಅಟ್ಟಪ್ಪಾಡಿ ಬೆಟ್ಟಸೀಮೆಯ ಇರುಳ, ಮುದುಗ ಸಮುದಾಯಗಳವರು. ಮುಕ್ಕಾಲಿಯಿಂದ ಸೈರಂಧ್ರಿಗೆ 23 ಕಿಲೋಮೀಟರ್. ಮೊದಮೊದಲು ಎಲೆ ಉದುರುವ ಕಾಡು ಸಿಗುತ್ತದೆ. ಏರುತ್ತ ಹೋದಂತೆ ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣದ ಮಳೆಕಾಡು. ನಡುವೆ ಜೀಪು ನಿಂತರೆ ಮೇಲಿನ ಕೊಂಬೆಯಲ್ಲಿ ಕೆಂದಳಿಲು ಕಾಣಬಹುದು, ಮಂಗಟ್ಟೆ ಹಕ್ಕಿಯ ರೆಕ್ಕೆಬಡಿತ ಕೇಳಬಹುದು. ಮಳೆಗಾಲವಾದರೆ ಕಾಲಿಗೆ ಇಂಬಳ ಹತ್ತುವುದಂತೂ ಖಂಡಿತ. ಬಂಡೀಪುರ, ನಾಗರಹೊಳೆಯ ಸಫಾರಿ ಕಂಡವರಿಗೆ ಇಲ್ಲಿನ ಪ್ರಾಣಿದರ್ಶನ ತೀರಾ ಕಡಿಮೆ ಅನ್ನಿಸುವುದು ಸಹಜ. ಮಳೆಕಾಡಿನ ಬದುಕೆಲ್ಲ ನೂರಡಿ ಎತ್ತರದ ನೆತ್ತಿಯಲ್ಲಿ ನಡೆಯುತ್ತದೆ.

ಜೀಪಿನ ದಾರಿ ಮುಗಿಯುವ ಸೈರಂಧ್ರಿಯಲ್ಲಿ ಸುಮಾರು 30 ಮೀಟರ್ ಎತ್ತರದ ವೀಕ್ಷಣಾ ಗೋಪುರವಿದೆ. ಹತ್ತಿ ನಿಂತರೆ ಕೆಳಗೆ ಕುಂತಿಪುಳ ನದಿಯ ಕಣಿವೆ, ಅದರಾಚೆ ನೀಲಗಿರಿಯ ಗೋಡೆ. ಹೆಚ್ಚಿನವರು ಫೋಟೋ ತೆಗೆದುಕೊಂಡು, ಒಂದೂವರೆ ಕಿಲೋಮೀಟರ್ ನಡೆದು ಹೊಳೆಯ ತೂಗುಸೇತುವೆ ನೋಡಿ ಮರಳುತ್ತಾರೆ. ಆದರೆ ಈ ತಾಣದ ಹಿರಿಮೆ ತಿಳಿಯಬೇಕಾದರೆ ಇನ್ನೊಂದು ಸಂಗತಿ ಗೊತ್ತಿರಬೇಕು. ಹೊಳೆಯ ಎರಡೂ ದಂಡೆಯ ಬೆಟ್ಟಗಳು ಒತ್ತೊತ್ತಾಗಿ ಬರುವ ಈ ಸೈರಂಧ್ರಿಯಲ್ಲೇ ಸುಮಾರು 130 ಮೀಟರ್ ಎತ್ತರದ ಅಣೆಕಟ್ಟು ಏಳಬೇಕಿತ್ತು. ಗೋಪುರದಿಂದ ಕಾಣುವ ಹಸುರಿನ ತಳಭಾಗ ನೀರಿನಡಿ ಇರಬೇಕಿತ್ತು.

ಅಣೆಕಟ್ಟಿನ ಮಾತು ಬರುವವರೆಗೆ ಕಾಡು ಉಳಿದುಬಂದದ್ದಕ್ಕೆ ಕಾರಣ ಅದರ ಭೂಗೋಳ. ನೀಲಗಿರಿ ಪ್ರಸ್ಥಭೂಮಿಯ ನೈರುತ್ಯ ಮೂಲೆಯಲ್ಲಿ, ಸುತ್ತಲೂ ಕಡಿದಾದ ದಿಬ್ಬಗಳ ನಡುವೆ ಹುದುಗಿದ ಕಣಿವೆ ಇದು. ಕುಂತಿಪುಳ ಎರಡು ಸಾವಿರ ಮೀಟರ್‌ಗೂ ಮೇಲಿನ ಅಂಚಿನಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ಕಿರಿದಾದ ಕೊರಕಲಿನಲ್ಲಿ ಬಯಲಿಗೆ ಧುಮುಕುತ್ತದೆ. ಮುಂದೆ ತೂತಪುಳದ ಮೂಲಕ ಭಾರತಪ್ಪುಳ ಸೇರುತ್ತದೆ. ಕಣಿವೆಯ ಒಡಲಿನಲ್ಲಿ ಊರುಗಳಿರಲಿಲ್ಲ. 19ನೇ ಶತಮಾನದಲ್ಲಿ ಬ್ರಿಟಿಷರು ಕಲ್ಲಿಕೋಟೆ ಕಡೆಯಿಂದ ಊಟಿಗೆ ಹೋಗಲು ಉತ್ತರದ ಅಂಚಿನ ಸಿಸ್ಪಾರ ಘಾಟಿಯಲ್ಲಿ ದಾರಿ ಮಾಡಿಕೊಂಡಿದ್ದರು. ಅದೂ ಕ್ರಮೇಣ ಬಳಕೆ ತಪ್ಪಿತು. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ 1847ರಲ್ಲಿ ಇಲ್ಲಿನ ಗಿಡಮರಗಳನ್ನು ಶೋಧಿಸಿದ. 1914ರಲ್ಲಿ ಕಣಿವೆ ಮೀಸಲು ಅರಣ್ಯವಾಯಿತು. ಹಾಗೆಂದು ಕೊಡಲಿಯೇ ಮುಟ್ಟಲಿಲ್ಲ ಎನ್ನುವಂತಿಲ್ಲ. 1927ರಿಂದ 1976ರವರೆಗೆ ಕೆಲವು ಭಾಗಗಳಲ್ಲಿ ಆಯ್ದ ಮರಗಳನ್ನು ಕಡಿದು ಸಾಗಿಸಿದ್ದಾರೆ. ವಿದ್ಯುತ್ ತೆಗೆಯಲು ಸೈರಂಧ್ರಿ ತಕ್ಕ ಜಾಗವೆಂದು ಗುರುತಿಸಿದ್ದೂ ಆ ಕಾಲದಲ್ಲೇ, 1928ರಲ್ಲಿ.

ಸ್ವಾತಂತ್ರ್ಯಾನಂತರ 1958ರಲ್ಲಿ ಸರ್ವೆ ನಡೆಯಿತು. 1973ರಲ್ಲಿ ಯೋಜನಾ ಆಯೋಗ ಕೇರಳ ವಿದ್ಯುತ್ ಮಂಡಳಿಯ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಮೊದಲ ಹಂತದಲ್ಲಿ 120 ಮೆಗಾವಾಟ್, ಮುಂದೆ 240. ಜೊತೆಗೆ ಪಾಲಕ್ಕಾಡ್, ಮಲಪ್ಪುರಂ ಜಿಲ್ಲೆಗಳ ಸುಮಾರು ಹತ್ತು ಸಾವಿರ ಹೆಕ್ಟೇರಿಗೆ ನೀರಾವರಿ. ಯೋಜನೆ ಕೇಳಿದವರನ್ನು ಖಳರಂತೆ ಚಿತ್ರಿಸುವುದು ಅನ್ಯಾಯ. ಮಲಬಾರು ವಿದ್ಯುತ್ತಿನಲ್ಲೂ ಉದ್ಯಮದಲ್ಲೂ ತಿರುವಿದಾಂಕೂರು ಸೀಮೆಗಿಂತ ಹಿಂದುಳಿದಿತ್ತು. ಅಲ್ಲಿನ ಜನರ ಬೇಡಿಕೆ ನಿಜವಾದದ್ದು. ಮುಳುಗುವುದು 830 ಹೆಕ್ಟೇರ್, ಅಂದರೆ ಕಣಿವೆಯ ಹತ್ತರಲ್ಲೊಂದು ಪಾಲು. ಒಂದು ಮನೆಯೂ ಮುಳುಗುವುದಿಲ್ಲ, ಒಬ್ಬರೂ ಊರು ಬಿಡಬೇಕಿಲ್ಲ. ಅಣೆಕಟ್ಟಿನ ಇತಿಹಾಸದಲ್ಲಿ ಇಷ್ಟು ಸಲೀಸಾದ ಜಾಗ ಅಪರೂಪ.

ಆ ಸಲೀಸುತನದಲ್ಲೇ ತೊಡಕಿತ್ತು. ಮುಳುಗಡೆಯವರೇ ಇಲ್ಲದ ಮೇಲೆ ಬೇಡವೆನ್ನಲು ಯಾರಿದ್ದಾರೆ? ಮುಂದೆ ಈ ಕಣಿವೆಗಾಗಿ ದನಿಯೆತ್ತಿದವರಲ್ಲಿ ಬಹಳ ಮಂದಿ ಅದನ್ನು ಕಣ್ಣಾರೆ ಕಂಡವರೇ ಅಲ್ಲ. ಭಾರತದ ಪರಿಸರ ಹೋರಾಟಗಳಲ್ಲಿ ಸೈಲೆಂಟ್ ವ್ಯಾಲಿಗೆ ಬೇರೆಯದೇ ಸ್ಥಾನವಿದ್ದರೆ ಅದು ಈ ಕಾರಣಕ್ಕೆ. ತಾವು ಕಾಲಿಡದ, ತಮಗೇನೂ ದಕ್ಕದ ಒಂದು ಕಾಡನ್ನು ಜನ ಓದಿ ತಿಳಿದು, ಲೆಕ್ಕ ಹಾಕಿ, ನಮ್ಮದೆಂದು ಹಿಡಿದುಕೊಂಡರು.

ಹೊರಗಿನವರ ಗಮನವನ್ನು ಮೊದಲು ಈ ಕಡೆ ಸೆಳೆದವರಲ್ಲಿ ಮದ್ರಾಸಿನ ಹಾವು ಉದ್ಯಾನ ಸ್ಥಾಪಿಸಿದ ರೊಮುಲಸ್ ವಿಟೇಕರ್ ಒಬ್ಬರು. ಪಶ್ಚಿಮಘಟ್ಟದ ಸಿಂಗಳೀಕಗಳನ್ನು ಅಧ್ಯಯನ ಮಾಡುತ್ತಿದ್ದ ಸ್ಟೀವನ್ ಗ್ರೀನ್ ಅವರೂ ಎಚ್ಚರಿಸಿದರು. ಮಲೆನಾಡಿನ ಓದುಗರಿಗೆ ಸಿಂಗಳೀಕದ ಪರಿಚಯ ಬೇಕಿಲ್ಲ: ಕಪ್ಪು ಮೈ, ಮುಖದ ಸುತ್ತ ಬೆಳ್ಳಿಬಣ್ಣದ ಕೇಸರ, ಸಿಂಹದ ಹಾಗೆ ಕುಚ್ಚಿರುವ ಬಾಲ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಈ ಕೋತಿ ನೆಲಕ್ಕಿಳಿಯುವುದು ಕಡಿಮೆ. ಕೊಂಬೆಗೆ ಕೊಂಬೆ ತಾಗಿರುವ ಕಾಡೇ ಅದರ ರಸ್ತೆ. ನಡುವೆ ಒಂದು ಬಯಲು ಬಿದ್ದರೆ ಗುಂಪುಗಳು ಒಂದರಿಂದೊಂದು ಕಡಿದುಹೋಗುತ್ತವೆ. ಮಲಯಾಳಿಗಳು ವೆಡಿಪ್ಲಾವು ಎನ್ನುವ ಮರವೊಂದಿದೆ. ಡೂರಿಯನ್ ಹಣ್ಣಿನ ಬಳಗದ್ದು, ರೆಂಬೆಗೇ ಹೂ ಕಚ್ಚಿಕೊಂಡು ಮುಳ್ಳುಕಾಯಿ ಬಿಡುವಂಥದ್ದು. ಅದರ ಹೂವು, ಬೀಜ ಸಿಂಗಳೀಕದ ಮುಖ್ಯ ಆಹಾರ. ಸೈಲೆಂಟ್ ವ್ಯಾಲಿಯಲ್ಲಿ ಆ ಮರ ಧಾರಾಳವಾಗಿತ್ತು. ಹತ್ತರಲ್ಲೊಂದು ಪಾಲು ಮಾತ್ರ ಹೋಗುತ್ತದೆ ಎಂಬ ವಾದಕ್ಕೆ ವಿಜ್ಞಾನಿಗಳ ಉತ್ತರ ಇಲ್ಲಿತ್ತು. ಮುಳುಗುವ ಆ ಪಾಲು ಹೊಳೆದಂಡೆಯ ತಗ್ಗುನೆಲ. ಅದು ಹೋದರೆ ಎರಡು ಬದಿಯ ಕಾಡು ಬೇರೆಬೇರೆಯಾಗುತ್ತದೆ. ಅಣೆ ಕಟ್ಟಲು ವರ್ಷಗಟ್ಟಲೆ ಬೀಡುಬಿಡುವ ಸಾವಿರಾರು ಕೂಲಿಗಳಿಗೆ ಸೌದೆ, ಲಾರಿಗಳಿಗೆ ರಸ್ತೆ ಬೇಕು. ಆ ನಷ್ಟ 830 ಹೆಕ್ಟೇರಿನ ಲೆಕ್ಕದಲ್ಲಿ ಬಂದೇ ಇರಲಿಲ್ಲ.

ಕೇಂದ್ರ ಸರ್ಕಾರದ ಪರಿಸರ ಸಮಿತಿ ಒಂದು ಕಾರ್ಯಪಡೆ ನೇಮಿಸಿತು. ಅದರ ಮುಖ್ಯಸ್ಥರು ಪಕ್ಷಿಪ್ರೇಮಿ ಜಾಫರ್ ಫತೇಹಲ್ಲಿ; ಬೆಂಗಳೂರಿನಲ್ಲಿ ನೆಲೆಸಿ, ಇಲ್ಲಿನ ಹಕ್ಕಿ ವೀಕ್ಷಕರಿಗೆಲ್ಲ ಹಿರಿಯರಂತಿದ್ದವರು. ಯೋಜನೆ ಕೈಬಿಡಿ ಎಂದೇ ಕಾರ್ಯಪಡೆ 1977ರಲ್ಲಿ ಹೇಳಿತು. ಆದರೆ ಕೈಬಿಡಲು ಆಗದೇ ಹೋದರೆ ಎಂದು ಒಂದಿಷ್ಟು ರಕ್ಷಣಾ ಕ್ರಮಗಳನ್ನೂ ಸೂಚಿಸಿತು. ರಾಜ್ಯ ಸರ್ಕಾರ ಹಿಡಿದುಕೊಂಡದ್ದು ಈ ಎರಡನೆಯ ಮಾತನ್ನೇ. ಕ್ರಮಗಳನ್ನೆಲ್ಲ ಪಾಲಿಸುತ್ತೇವೆ ಎಂದು ಒಪ್ಪಿಕೊಂಡು, 1979ರಲ್ಲಿ ಅದಕ್ಕಾಗಿ ಕಾನೂನನ್ನೇ ಮಾಡಿತು. ತಜ್ಞರ ವರದಿಗಳಲ್ಲಿ ಬರುವ ಇಂಥ ಒಂದು ವಾಕ್ಯ ಇಡೀ ಕಾಡಿನ ಹಣೆಬರಹ ತಿದ್ದಬಲ್ಲದು.

ಕೇರಳದೊಳಗೆ ಗಾಳಿ ತಿರುಗಿಸಿದ್ದು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು. ಮಲಯಾಳದಲ್ಲಿ ವಿಜ್ಞಾನ ಹೇಳಲು 1962ರಲ್ಲಿ ಹುಟ್ಟಿದ ಸಂಘಟನೆ ಅದು. ಸದಸ್ಯರಲ್ಲಿ ಶಾಲೆ-ಕಾಲೇಜುಗಳ ಮೇಷ್ಟರು ಬಹಳ. ಸಸ್ಯಶಾಸ್ತ್ರದ ಅಧ್ಯಾಪಕ ಎಂ. ಕೆ. ಪ್ರಸಾದ್, ಎಂಜಿನಿಯರ್ ಎಂ. ಪಿ. ಪರಮೇಶ್ವರನ್ ಮೊದಲಾದವರು ಸೇರಿ ಯೋಜನೆಯ ತಾಂತ್ರಿಕ, ಆರ್ಥಿಕ, ಸಾಮಾಜಿಕ ವಿಮರ್ಶೆಯೊಂದನ್ನು 1979ರಲ್ಲಿ ಪ್ರಕಟಿಸಿದರು. ಕೋತಿ ಬೇಕೋ ಮನುಷ್ಯ ಬೇಕೋ ಎಂಬ ಕುಹಕಕ್ಕೆ ಅವರು ಕೋತಿಯ ಪರ ಭಾವುಕರಾಗಿ ಮಾತಾಡುತ್ತ ಕೂರಲಿಲ್ಲ. ಕೇರಳ ತನ್ನ ಹೆಚ್ಚುವರಿ ವಿದ್ಯುತ್ತನ್ನು ನೆರೆರಾಜ್ಯಗಳಿಗೆ ಮಾರುತ್ತಿರುವಾಗ ಮಲಬಾರಿಗೆ ಕರೆಂಟಿಲ್ಲದಿರುವುದು ಯಾಕೆಂದು ಕೇಳಿದರು. ಸಾಗಣೆಯ ತಂತಿಜಾಲ ಸರಿಪಡಿಸಿದರೆ ಎಷ್ಟು ಸಿಗುತ್ತದೆ, ಉಷ್ಣ ವಿದ್ಯುತ್ತಿನ ದಾರಿ ಇಲ್ಲವೇ ಎಂದು ವಾದಿಸಿದರು. ಪರಿಷತ್ತಿನ ಹಲವರು ಎಡಪಂಥದ ಒಲವಿನವರು. ಎಡಪಕ್ಷಗಳೂ ಕಾರ್ಮಿಕ ಸಂಘಗಳೂ ಯೋಜನೆಯ ಪರ. ಸ್ವಂತ ಬಳಗದ ವಿರುದ್ಧ ಅಂಕಿಅಂಶ ಹಿಡಿದು ನಿಲ್ಲುವುದು ಸಣ್ಣ ಎದೆಗಾರಿಕೆಯಲ್ಲ.

ಲೆಕ್ಕದ ಜೊತೆಗೆ ಕವಿಗಳೂ ಬಂದರು. ಸುಗತಕುಮಾರಿ ಮರಕ್ಕೆ ಸ್ತುತಿ ಬರೆದು ಊರೂರು ತಿರುಗಿದರು, ಒ. ಎನ್. ವಿ. ಕುರುಪ್, ಅಯ್ಯಪ್ಪ ಪಣಿಕ್ಕರ್ ಜೊತೆಯಾದರು. ಹೈಕೋರ್ಟಿಗೆ ಅರ್ಜಿ ಹೋಯಿತು. 1979ರಲ್ಲಿ ತಡೆಯಾಜ್ಞೆ ಸಿಕ್ಕಿತು, 1980ರ ಜನವರಿಯಲ್ಲಿ ಅದು ತೆರವಾಯಿತು.

ದಿಲ್ಲಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಯೋಜನೆಗೆ ಒಪ್ಪಿತ್ತು. ಆಗ ಕೃಷಿ ಕಾರ್ಯದರ್ಶಿಯಾಗಿದ್ದ ಎಂ. ಎಸ್. ಸ್ವಾಮಿನಾಥನ್ ಮಾತ್ರ ಸೈಲೆಂಟ್ ವ್ಯಾಲಿ, ಅಮರಂಬಲಂ, ಅಟ್ಟಪ್ಪಾಡಿ, ಕುಂದಾ ಕಾಡುಗಳನ್ನು ಕೂಡಿಸಿ ಸುಮಾರು 39 ಸಾವಿರ ಹೆಕ್ಟೇರಿನ ಮಳೆಕಾಡು ಜೀವಗೋಳ ಮೀಸಲು ಪ್ರದೇಶ ಮಾಡಬೇಕೆಂದು ಬರೆದರು. 1980ರಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿದರು. ಪಕ್ಷಿತಜ್ಞ ಸಲೀಂ ಅಲಿ ಅವರಂಥವರ ಮಾತಿಗೆ ಅಲ್ಲಿ ಬೆಲೆಯಿತ್ತು. ಕೆಲಸ ನಿಲ್ಲಿಸಿ ಎಂದು ರಾಜ್ಯಕ್ಕೆ ಸೂಚನೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇರಳ ರಾಷ್ಟ್ರೀಯ ಉದ್ಯಾನವನ್ನೇನೋ ಘೋಷಿಸಿತು, ಆದರೆ ಯೋಜನೆಯ ಜಾಗವನ್ನು ಹೊರಗಿಟ್ಟು! ಕಣಿವೆಯ ನಡುವನ್ನೇ ಬಿಟ್ಟ ಉದ್ಯಾನ. ಕೇಂದ್ರ ಮತ್ತು ರಾಜ್ಯ ಎರಡೂ ಸೇರಿ ವಿಜ್ಞಾನಿ ಎಂ. ಜಿ. ಕೆ. ಮೆನನ್ ಅವರ ಸಮಿತಿ ನೇಮಿಸಿದವು. 1983ರಲ್ಲಿ ವರದಿ ಬಂತು, ಯೋಜನೆ ನಿಂತಿತು. 1984ರ ನವೆಂಬರ್ 15ರಂದು, ಇಂದಿರಾ ಹತ್ಯೆಯಾಗಿ ಎರಡು ವಾರ ಕಳೆದಾಗ, ಸೈರಂಧ್ರಿಯೂ ಸೇರಿದಂತೆ 89.52 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. 1985ರ ಸೆಪ್ಟೆಂಬರ್ 7ರಂದು ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದರು. ಮರುವರ್ಷ ಸ್ಥಾಪನೆಯಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದಲ್ಲಿ ನಮ್ಮ ಬಂಡೀಪುರ, ನಾಗರಹೊಳೆಯೂ ಸೈಲೆಂಟ್ ವ್ಯಾಲಿಯೂ ಒಂದೇ ಹೊದಿಕೆಯಡಿ ಬಂದವು.

ಸೈಲೆಂಟ್ ವ್ಯಾಲಿಯ ಹೋರಾಟ ನಡೆದ ವರ್ಷಗಳಲ್ಲೇ ಉತ್ತರ ಕನ್ನಡದಲ್ಲಿ ಬೇಡ್ತಿ ಹೊಳೆಗೆ ಅಣೆಕಟ್ಟಿನ ಮಾತೆದ್ದಿತ್ತು. ಅಲ್ಲಿ ಮುಳುಗುವವರಿದ್ದರು: ಅಡಿಕೆ, ಏಲಕ್ಕಿ, ಮೆಣಸಿನ ತೋಟಗಳವರು. ಅವರೂ ಬರೀ ಘೋಷಣೆ ಕೂಗಲಿಲ್ಲ. ಶಿರಸಿಯ ತೋಟಗಾರ್ಸ್ ಸೊಸೈಟಿ ವಿಜ್ಞಾನಿಗಳನ್ನು ಕರೆಸಿ, ದೊಡ್ಡ ಅಣೆಕಟ್ಟುಗಳ ಲಾಭನಷ್ಟ ತೂಗುವ ವಿಚಾರ ಸಂಕಿರಣ ನಡೆಸಿತು. 1981ರಲ್ಲಿ ಅದರ ಪ್ರಬಂಧಗಳು ಪುಸ್ತಕವಾದವು. ಅಡಿಕೆ ಮಾರಾಟದ ಸಹಕಾರಿ ಸಂಘವೊಂದು ಇಂಥ ಪುಸ್ತಕ ತಂದದ್ದನ್ನು ಕನ್ನಡಿಗರು ಇನ್ನಷ್ಟು ನೆನೆಯಬೇಕು. 1983ರಲ್ಲಿ ಅದೇ ಸೀಮೆಯ ಸಲ್ಕಣಿ ಕಾಡಿನಲ್ಲಿ ಮರ ಅಪ್ಪಿಕೊಂಡವರಿಂದ ಅಪ್ಪಿಕೋ ಚಳವಳಿ ಮೊದಲಾಯಿತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದುದರ ಹಿಂದೆ ಆ ಕೆಲಸವಿದೆ.

ಈಗ ಮುಕ್ಕಾಲಿಯ ಜೀಪಿನ ಕಡೆಗೆ ಬರೋಣ. ಉದ್ಯಾನವೆಂದು ಬರೆದಿಟ್ಟ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಸುತ್ತಲಿನ ಊರಿನವರಿಗೆ ಕಾಡಿನಿಂದ ಒಂದು ನ್ಯಾಯವಾದ ದುಡಿಮೆ ಬೇಕು. ಕೇರಳದ ಅರಣ್ಯ ಇಲಾಖೆ ಊರವರ ಪರಿಸರ ಅಭಿವೃದ್ಧಿ ಸಮಿತಿಗಳನ್ನು ಕಟ್ಟಿ, ಪ್ರವಾಸದ ಕೆಲಸಗಳಲ್ಲಿ ಅವುಗಳಿಗೆ ಪಾಲು ಕೊಟ್ಟಿತು. ಗೈಡು ಕೊಂಬೆಯತ್ತ ಬೆರಳು ತೋರಿಸುವಾಗ ಅವನ ಕಣ್ಣಿನ ಹಿಂದೆ ತಲೆಮಾರುಗಳ ಪಳಗಿಕೆ ಇರುತ್ತದೆ. ಜೀಪುಗಳಿಗೆ, ಜನರಿಗೆ, ಗಂಟೆಗಳಿಗೆ ಮಿತಿ ಹಾಕಿರುವುದು ಕೆಲವರಿಗೆ ಕಿರಿಕಿರಿ ಅನ್ನಿಸುತ್ತದೆ. ಆದರೆ ಕಾಡಿನ ಬಹುಪಾಲು ಪ್ರವಾಸಿಗೆ ಕಾಣದಂತೆ ಇರುವುದೇ ಇಲ್ಲಿನ ಸರಿಯಾದ ವ್ಯವಸ್ಥೆ. ಆ ಅರ್ಧ ದಿನದಲ್ಲಿ ಗೋಪುರದ ಕೆಳಗೊಂದು ಹತ್ತು ನಿಮಿಷ ಅಣೆಕಟ್ಟಿನ ಕಥೆ ಕೇಳಿ ಬಂದವರಿಗೆ ಕಾಡು ಬೇರೆಯಾಗಿ ಕಾಣುತ್ತದೆ.

ಅಣೆಕಟ್ಟಿನ ಆಸೆ 1984ಕ್ಕೇ ಮುಗಿಯಲೂ ಇಲ್ಲ. ಈ ಶತಮಾನದ ಆರಂಭದಲ್ಲಿ ಅದೇ ಕುಂತಿಪುಳಕ್ಕೆ, ಉದ್ಯಾನದ ಗಡಿಯ ಕೆಳಗೆ ಪಾತ್ರಕ್ಕಡವಿನಲ್ಲಿ, 70 ಮೆಗಾವಾಟಿನ ಯೋಜನೆ ಬಂತು. ಮತ್ತೆ ವಾದವಿವಾದ. 2007ರಲ್ಲಿ ಸುತ್ತಲಿನ 148 ಚದರ ಕಿಲೋಮೀಟರನ್ನು ಕಾವಲು ವಲಯವಾಗಿ ಸೇರಿಸಲು ಸರ್ಕಾರ ತೀರ್ಮಾನಿಸಿತು. ಪಾತ್ರಕ್ಕಡವಿನ ಅಣೆ ಏಳಲಿಲ್ಲ.

ಸಿಂಗಳೀಕದ ಹೆಸರಿನಲ್ಲಿ ಕರ್ನಾಟಕದಲ್ಲೂ ಒಂದು ಅಭಯಾರಣ್ಯವಿದೆ. ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಸೇರಿಸಿ 2019ರಲ್ಲಿ ಅದನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು ಘೋಷಿಸಲಾಯಿತು. ಅಲ್ಲೇ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಏರಿಸಿ ಇಳಿಸಿ 2000 ಮೆಗಾವಾಟ್ ವಿದ್ಯುತ್ ತೆಗೆಯುವ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರಾಜ್ಯದ ವಿದ್ಯುತ್ ನಿಗಮ ಮುಂದಿಟ್ಟಿದೆ. ಸಾಗರ, ಹೊನ್ನಾವರ ಸೀಮೆಯ ಜನ ಸಭೆ ಸೇರಿ ವಿರೋಧಿಸುತ್ತಿದ್ದಾರೆ. ನೀರು ಮೇಲೇರಿಸಲು ತಗಲುವ ವಿದ್ಯುತ್ತೆಷ್ಟು, ಮರಳಿ ಸಿಗುವುದೆಷ್ಟು, ಸುರಂಗಕ್ಕೂ ರಸ್ತೆಗೂ ತಂತಿಮಾರ್ಗಕ್ಕೂ ಹೋಗುವ ಮರಗಳೆಷ್ಟು, ಸಿಂಗಳೀಕದ ಗುಂಪುಗಳು ದಾಟುವ ಕೊಂಬೆದಾರಿ ಎಲ್ಲೆಲ್ಲಿ ಕಡಿಯುತ್ತದೆ ಎಂದು ಅಲ್ಲಿ ಕೇಳುತ್ತಿದ್ದಾರೆ.